ಎಲೆಯ ತುದಿಯ ಉಪ್ಪು

ಬಾಳೆ ಎಲೆಯ ತುದಿಗೆ ಮೊದಲು ಉಪ್ಪು ಬೀಳಬೇಕು, ಉಳಿದದ್ದೆಲ್ಲ ಆಮೇಲೆ. ತವರಲ್ಲೂ ಗಂಡನ ಮನೆಯಲ್ಲೂ ನಾನು ಕಂಡ ಪದ್ಧತಿ ಅದೇ. ಆ ಒಂದು ಪಂಕ್ತಿಯಲ್ಲಿ ಮೊದಲ ಸಲ ಎಲೆಗಳ ತುದಿ ಬರಿದಾಗಿತ್ತು. ಬಡಿಸಿದವಳು ನಾನೇ.

ನನ್ನ ತವರು ಸೇತುವೆಯ ಮೇಲ್ಗಡೆ, ಗಂಡನ ಊರು ಕೆಳಗಡೆ. ಹೊಳೆ ಒಂದೇ. ಮೇಲಿನವರು ನೀರು ಕಟ್ಟಿ ಕಟ್ಟಿ ಹೊಲಗಳೆಲ್ಲ ಉಪ್ಪೇರಿ ಸವುಳಾಗಿದ್ದವು. ಆ ಸವುಳು ಹಳ್ಳ ಹಿಡಿದು, ಸೇತುವೆ ದಾಟಿದ ಮೇಲೆ ಹೊಳೆಗೆ ಸೇರುತ್ತಿತ್ತು. ಬೇಸಿಗೆಯಲ್ಲಿ ನಮ್ಮ ಎಮ್ಮೆಗಳು ನೀರಿಗೆ ಮೂತಿ ಇಟ್ಟು ಹಾಗೆಯೇ ತಿರುಗಿ ಬರುತ್ತಿದ್ದವು. ನಾವು ಅದನ್ನೇ ಕುಡಿಯುತ್ತಿದ್ದೆವು. ಮೇಲಿನವರು ನಮ್ಮೂರಿಗೆ ಬಂದರೆ ತಮ್ಮ ತಂಬಿಗೆಯಲ್ಲಿ ನೀರು ತರುತ್ತಿದ್ದರು.

ಹೊಳೆಯ ಉಪ್ಪು ಇಳಿಸಲು ಸರಕಾರ ಹಣ ಕೊಡುತ್ತದೆ ಎಂಬ ಸುದ್ದಿ ಬಂತು. ಸರಕಾರದ ಸಾಹೇಬರು ಸೇತುವೆಯ ಬಳಿ ನೀರಿನ ಉಪ್ಪು ಅಳೆದರು, ಅಲ್ಲಿ ಸಿಹಿಯಾಗಿತ್ತು. ಹಾಗಾಗಿ ಹಣವೆಲ್ಲ ಮೇಲಿನ ಹೊಲಗಳ ಸವುಳು ಬಸಿಯುವ ಕಾಲುವೆಗೆ ಎಂದಾಯಿತು. ಬಸಿದದ್ದನ್ನು ಒಣಗಿಸುವ ಹೊಂಡ ಬೇಡವಂತೆ, ಹೊಳೆಗೇ ಬಿಡುವುದಂತೆ. ನಮ್ಮೂರಿನವರು ಒಪ್ಪಿಗೆ ಕೊಟ್ಟರೆ ಮುಗಿಯಿತು. ಅದಕ್ಕಾಗಿ ಸಾಹೇಬರೂ ಮೇಲಿನೂರಿನ ಗುರುಶಾಂತಗೌಡರೂ ತಮ್ಮ ಮಂದಿಯೊಂದಿಗೆ ನಮ್ಮ ಮನೆಗೇ ಊಟಕ್ಕೆ ಬಂದರು. ಮಾವ ಊರಿಗೆ ಹಿರಿಯರು.

ನಾನು ಹೊಳೆಯ ನೀರಲ್ಲೇ ಸಾರಿಟ್ಟು, ಕುದಿಸಿ ಕುದಿಸಿ ಇಂಗಿಸಿದೆ. ಅತ್ತೆ ಗಾಬರಿಯಾದರು. "ಏನವಾ, ಉಪ್ಪಿನ ಗಡಿಗಿ ಮುಟ್ಟೇ ಇಲ್ಲಲ್ಲ! ದೊಡ್ಡವರ ಮುಂದ ಮಾನ ಕಳೀಬ್ಯಾಡ."

"ಸುಮ್ನಿರ್ರಿ ಅತ್ತಿ."

ಗೌಡರು ಅನ್ನಕ್ಕೆ ಸಾರು ಕಲಸಿ ಚಪ್ಪರಿಸಿದರು. "ಸಾರು ಅಂದ್ರ ಇದು! ಉಪ್ಪು ಹದಾ ಬಿದ್ದೈತಿ." ಸಾಹೇಬರೂ ತಲೆಯಾಡಿಸಿದರು.

"ನಾ ಒಂದು ಹರಳೂ ಹಾಕಿಲ್ರಿ," ಎಂದೆ. "ಅದು ಹೊಳಿದು."

ಸಾಹೇಬರ ಕೈ ಎಲೆಯ ಮೇಲೆಯೇ ನಿಂತಿತು. ಗೌಡರು ನಕ್ಕುಬಿಟ್ಟರು. "ಹಂಗಾದ್ರ ನಿಮ್ಮೂರಿಗೆ ಲಾಭಾನ ಆತಲ್ಲ! ಉಪ್ಪು ಕೊಳ್ಳೂದ ಬ್ಯಾಡ!" ನಗುತ್ತಲೇ ತಾವು ತಂದ ತಂಬಿಗೆಗೆ ಕೈ ಚಾಚಿದರು. ನಾನು ಅದನ್ನು ಎತ್ತಿಕೊಂಡು, ನಮ್ಮ ಕೊಡದ ನೀರನ್ನು ಲೋಟಕ್ಕೆ ಬಗ್ಗಿಸಿ ಇಟ್ಟೆ.

"ತಂಬಿಗಿ ಕೊಡು, ಹುಚ್ಚಿ."

"ಕೊಡಂಗಿಲ್ಲ. ಮಗಳ ಮನಿ ನೀರು ಕುಡೀಲಾರದವ್ರು, ಈ ಊರಿಗೆ ಮಗಳನ್ನ ಯಾಕ ಕೊಟ್ರಿ, ಅಪ್ಪಾ?"

ಬಾಗಿಲಲ್ಲಿ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಅಪ್ಪ ನನ್ನನ್ನೇ ನೋಡಿದರು. ಆಮೇಲೆ ಲೋಟ ಎತ್ತಿದರು. ಮೊದಲ ಗುಟುಕಿಗೇ ಮುಖ ಕಿವುಚಿದರು. ಕೆಳಗಿಡುತ್ತಾರೆ ಎಂದುಕೊಂಡೆ. ಇಡಲಿಲ್ಲ, ತಳದವರೆಗೂ ಕುಡಿದರು. ನನ್ನ ಹಟ ಎಲ್ಲಿಂದ ಬಂದದ್ದೆಂದು ಪಂಕ್ತಿಗೆಲ್ಲ ಗೊತ್ತಾಗಿರಬೇಕು.

"ಸಾಹೇಬ್ರ, ಇಲ್ಲಿ ನೀರು ಅಳೀರಿ. ಹೊಂಡ ಆಗೂತನಕಾ ನಮ್ಮ ಕಾಲುವಿಗೆ ಗುದ್ದಲಿ ಹಚ್ಚಂಗಿಲ್ಲ," ಎಂದರು ಅಪ್ಪ.

"ಗೌಡ್ರ, ಹೊಂಡಕ್ಕ ರೊಕ್ಕ ಹ್ವಾದ್ರ ನಮ್ಮ ಅರ್ಧಾ ಹೊಲ ಸವುಳಾಗೇ ಉಳೀತಾವಲ್ರೀ!" ಎಂದು ಅವರ ಮಂದಿಯಲ್ಲೊಬ್ಬ ಕೂಗಿದ.

"ನಂದ ಮೊದಲ ಹಂಗ ಉಳೀಲಿ."

ಹಾಗೆಯೇ ಆಯಿತು. ಹೊಂಡ ಬಂತು, ವರ್ಷ ಕಳೆದಂತೆ ಹೊಳೆ ಸಿಹಿಯಾಯಿತು. ಅಪ್ಪನ ಹೊಲಕ್ಕೆ ಕಾಲುವೆ ಕಡೆಗೂ ಬರಲಿಲ್ಲ. ಅದರ ಬಗ್ಗೆ ಅವರು ನನ್ನ ಮುಂದೆ ಚಕಾರ ಎತ್ತಲಿಲ್ಲ. ನಮ್ಮ ಮನೆಗೆ ಮತ್ತೆ ತಂಬಿಗೆಯನ್ನೂ ತರಲಿಲ್ಲ. ತವರಿನ ಹೊಲ ಕೆಡಿಸಿದವಳೆಂದು ಅಲ್ಲಿಯ ಕೆಲವರು ನನ್ನನ್ನು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇನ್ನೊಮ್ಮೆ ಆ ಪಂಕ್ತಿ ಕೂತರೂ ನಾನು ಹಾಗೆಯೇ ಬಡಿಸುವವಳು.

ಇಂದಿಗೂ ನಮ್ಮ ಮನೆಯಲ್ಲಿ ಎಲೆಯ ತುದಿ ಬರಿದೇ, ಹೊಳೆಯ ನೀರಿನ ಸಾರಿಗೂ ಒಂದು ಹರಳು ಉಪ್ಪು ಹಾಕುವುದಿಲ್ಲ. ಸೊಸೆಯಂದಿರು ಗೊಣಗುತ್ತಾರೆ. ನಾನು ಗೋಡೆಗೆ ಒರಗಿ ಕಾಯುತ್ತೇನೆ. ಸಾಲಿನಿಂದ ಯಾರಾದರೂ "ಉಪ್ಪು ತರ್ರೀ!" ಎಂದು ಕೂಗಿದ ಮೇಲೆಯೇ ಮೊಣಕಾಲು ಹಿಡಿದುಕೊಂಡು ಏಳುತ್ತೇನೆ, ಉಪ್ಪಿನ ಬಟ್ಟಲು ತೆಗೆದುಕೊಂಡು.