ಹರಿಯದ ಕಾರ್ಡು

ಸಾವಿನ ಕಾಗದವನ್ನು ಇನ್ನೊಂದು ಸಾವಿನ ಮನೆಗೆ ಒಯ್ಯಬಹುದೆ? ಬಬಲೇಶ್ವರದಿಂದ ಬಂದು ತಿಕೋಟಾದಲ್ಲಿ ಬಸ್ಸಿಳಿದ ಯಲಗೂರಪ್ಪ ಅಂಗಿಯ ಕಿಸೆ ಮುಟ್ಟಿಕೊಂಡ. ಕಾರ್ಡು ಹೊರಗೆ ತೆಗೆದರೆ ಜೊತೆಗೆ ಬಂದ ಹೆಂಡತಿ ಗುರುಬಾಯಿ ಬೈಯುವುದು ಖಂಡಿತ. ತೆಗೆಯದಿದ್ದರೆ ಅದನ್ನು ಬರೆದ ಗೈಬುಸಾಬನ ಜೊತೆ ಅದೂ ಮಣ್ಣಾದಂತೆ.

ಸಾವಿನ ಮನೆಯ ಅಂಗಳದಲ್ಲಿ ಶವದ ಜನಾಜಾ ಏಳುವ ಹೊತ್ತು. ಗೈಬುಸಾಬನ ಮಗ ಸೈಫುದ್ದೀನ ಬಂದು ಕೈ ಹಿಡಿದುಕೊಂಡ.

“ಅಪ್ಪ ಊರ ಮಂದಿಗೆಲ್ಲಾ ಕಾಗದ ಬರಕೊಟ್ಟ, ಕಾಕಾ. ಮನಿ ತುಂಬಾ ಹುಡುಕಿದೆ. ಅವನ ಅಕ್ಷರ ಒಂದೂ ಇಲ್ಲ ನೋಡ್ರಿ.”

“ಹೆಂಗ ಇರತಾವೋ?” ಎಂದಳು ನೆರೆಮನೆಯ ಮಕ್ತುಮಬಿ. “ಮದವಿ ಕಾಗದ ಮದವಿ ಮುಗಿಯೂತನಾ. ಸಾವಿನ ಕಾಗದ ಓದೂತನಾ, ಹರದು ಒಗದು ಮನಿಯೊಳಗ ಬರೂದು.”

ಯಲಗೂರಪ್ಪ ತಲೆ ತಗ್ಗಿಸಿದ.

*

ನಲವತ್ತು ವರ್ಷದ ಹಿಂದೆ, ಅವನು ದುಡಿಯುತ್ತಿದ್ದ ಸೊಲ್ಲಾಪುರದ ಗಿರಣಿಯ ಬಾಗಿಲಲ್ಲಿ ಪೋಸ್ಟಮನ್ ಆ ಕಾರ್ಡು ಕೊಟ್ಟಿದ್ದ. ತಿಕೋಟಾದಲ್ಲಿ ತಾಯಿ ತೀರಿದ ಸುದ್ದಿ. ಯಲಗೂರಪ್ಪ ಓದಿದ, ಅತ್ತ, ಹರಿಯಲೆಂದು ಎರಡೂ ಕೈಯಲ್ಲಿ ಹಿಡಿದ. ಕೈ ಏಳಲಿಲ್ಲ.

ಜನ ಕಾರ್ಡಿನ ಅಂಚಿನಲ್ಲೂ ಅಡ್ಡಡ್ಡ ಬರೆಸಿ ತುಂಬಿಸುತ್ತಿದ್ದ ಕಾಲ ಅದು. ಗೈಬುಸಾಬ ‘ನಿಮ್ಮ ತಾಯಿಯವರು’ ಎಂದು ಬರೆದು ಎರಡು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿದ್ದ. ಉಳಿದ ಮಾತು ಆಮೇಲೆ. ಓದುವವನು ಗೋಡೆ ಹಿಡಿದುಕೊಳ್ಳಲೆಂದು ಬಿಟ್ಟ ಜಾಗ. ಅದರ ಆಚೆ ಈಚೆ ಅಕ್ಷರಗಳು, ಒಂದನ್ನೊಂದು ನೂಕದೆ, ಮಣ್ಣಿಗೆ ಬಂದವರ ಹಾಗೆ ತಲೆ ಬಾಗಿಸಿ ನಿಂತಿದ್ದವು.

ಸಾವಿನ ಕಾಗದ ಇಟ್ಟುಕೊಂಡವನೆಂದು ಯಾರಿಗೆ ಹೇಳುವುದು? ಟ್ರಂಕಿನ ತಳಕ್ಕೆ ಹಾಸಿದ ಪೇಪರಿನ ಕೆಳಗೆ ಸರಿಸಿಬಿಟ್ಟ.

*

“ಒಂದ್ ಐತೆಪಾ, ನಮ್ಮವ್ವ ಸತ್ತಾಗ ಬರದದ್ದು,” ಎಂದು ಯಲಗೂರಪ್ಪ ಕಾರ್ಡು ತೆಗೆದ.

“ಅಯ್ಯ ಶಿವನ! ಅತ್ತಿ ಸತ್ತ ಕಾಗದ! ಇಷ್ಟ ವರ್ಷ ನನ್ನ ಸೀರಿ ಬುಡಕ ಇಟ್ಟಿದ್ರೇನ್ರಿ?” ಗುರುಬಾಯಿ ಎದೆ ಮುಟ್ಟಿಕೊಂಡಳು. “ನಿಮಗೇನ ಬುದ್ಧಿ ಐತ್ಯೋ ಇಲ್ಲೋ?”

ಬೈಯುತ್ತಲೇ ಬಗ್ಗಿ ನೋಡಿದಳು. ಓದು ಬಾರದವಳು. ಬೈಗುಳ ಅರ್ಧಕ್ಕೇ ನಿಂತಿತು. ಮೆಲ್ಲಗೆ ಕೇಳಿದಳು: “ಇಲ್ಲಿ ಯಾಕ ಏನೂ ಬರದಿಲ್ರಿ?”

ಕಾರ್ಡು ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. ನೋಡಿದವರೆಲ್ಲ ದನಿ ತಗ್ಗಿಸಿದರು. ಕೊನೆಗೆ ಸೈಫುದ್ದೀನ ಆ ಖಾಲಿ ಜಾಗದ ಮೇಲೆ ಎರಡು ಬೆರಳಿಟ್ಟ. ಸರಿಯಾಗಿ ಅಷ್ಟೇ ಇತ್ತು.

ಜನಾಜಾ ಎದ್ದಿತು. ಯಲಗೂರಪ್ಪನೂ ಹೆಗಲು ಕೊಟ್ಟ.

ತಿಕೋಟಾದ ಸಂತೆಯಲ್ಲಿ ಸಿಕ್ಕಾಗಲೆಲ್ಲ ಅವನು ಗೈಬುಸಾಬನ ಜೊತೆ ಚಹಾ ಕುಡಿದಿದ್ದ. ದ್ರಾಕ್ಷಿಯ ಮಾತಾಡಿದ್ದ, ಮಳೆಯ ಮಾತಾಡಿದ್ದ. ನೀನು ಬರೆದ ಆ ಕಾರ್ಡನ್ನು ನಾನು ಹರಿದಿಲ್ಲ ಎಂದು ಮಾತ್ರ ಹೇಳಿರಲಿಲ್ಲ.