ಕೋಣೆಗೊಂದು ಹೀಟರ್

ಚಳಿಗಾಲದ ರಜೆಗೆ ಎಲ್ಲರೂ ಹಿಮ ಬೀಳುವ ಬೆಟ್ಟದೂರಿನ ಅಕ್ಕನ ಮನೆಯಲ್ಲಿ ಸೇರುವುದು ವಾಡಿಕೆ. ಮನೆಗೆಲ್ಲ ಇದ್ದದ್ದು ಒಂದೇ ಹೀಟರ್, ಅದೂ ನಡುಮನೆಯಲ್ಲಿ. ಹಾಗಾಗಿ ಊಟವಾದದ್ದೇ ಅಮ್ಮ, ಅಕ್ಕ, ಭಾವ, ಮಕ್ಕಳು ಎಲ್ಲರ ಹಾಸಿಗೆಯೂ ಅಲ್ಲೇ. ಒಬ್ಬರ ಕಾಲು ಇನ್ನೊಬ್ಬರ ಮುಖಕ್ಕೆ. ಭಾವನ ಗೊರಕೆಗೆ ಮಕ್ಕಳು ತಾಳ ಹಾಕಿದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಎಲೆಕ್ಟ್ರಿಷಿಯನ್ ತಮ್ಮನಿಗೆ ಇದೇ ನಾಚಿಕೆ. ತಾನಿದ್ದೂ ಮನೆಯವರು ಹೀಗೆ ಮುದುಡಿಕೊಳ್ಳುವುದೇ ಎಂದುಕೊಂಡು, ಈ ಸಲ ಮೊದಲೇ ಬಂದು ಹೊಸ ಲೈನ್ ಎಳೆದು ಕೋಣೆಗೊಂದು ಹೀಟರ್ ಕೂರಿಸಿದ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಹೊರಗೆ ಹಿಮ ಬೀಳುತ್ತಿತ್ತು. ಊಟ ಮುಗಿಯುತ್ತಲೇ ಮಕ್ಕಳು ಒಂದು ಕೋಣೆಗೆ, ಭಾವ ಇನ್ನೊಂದಕ್ಕೆ, ಅಮ್ಮ ಮತ್ತೊಂದಕ್ಕೆ ಹೋದರು. ಬಿಸಿ ಹೊರಹೋಗದಿರಲೆಂದು ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ನಡುಮನೆಯಲ್ಲಿ ಉಳಿದದ್ದು ಅಕ್ಕ ತಮ್ಮ ಇಬ್ಬರೇ.

“ಭಾವನ ಸಂಗೀತ ಈ ಸಲ ಯಾರಿಗೂ ಬೇಡ್ವಂತಾ?” ಎಂದ ತಮ್ಮ.

“ಬಾಗಿಲು ಹಾಕ್ಕೊಂಡ್ಮೇಲೆ ಎಲ್ಲಿ ಕೇಳ್ಸುತ್ತಪ್ಪ,” ಎಂದಳು ಅಕ್ಕ, ಬಿಡಿಸದೆ ಉಳಿದ ಹಾಸಿಗೆಗಳನ್ನು ನೋಡುತ್ತ. “ವರ್ಷವೆಲ್ಲಾ ಇದಕ್ಕೇ ಕಾಯ್ತಿದ್ದೆ ಕಣೋ. ಹೋಗ್ಲಿ ಬಿಡು, ನೀನೂ ಮಲ್ಕೋ ಹೋಗು.”

ಅವನು ಎದ್ದು ಸ್ವಿಚ್‌ಬೋರ್ಡಿನ ಬಳಿ ಹೋದ. ಹೊಸ ಲೈನಿನ ಫ್ಯೂಸ್ ಕಿತ್ತರೆ ಸಾಕು, ಎಲ್ಲರೂ ದಿಂಬು ಹೊತ್ತು ಇಲ್ಲಿಗೇ ಓಡಿಬರುತ್ತಾರೆ. ಕೈ ಚಾಚಿದ.

ಅಷ್ಟರಲ್ಲಿ ಒಳಗಿನಿಂದ ಅಮ್ಮ ಕೂಗಿದಳು: “ಮಂಡಿ ನೋವು ಮಾಯ ಆಗಿದೆ ಕಣೋ. ಇಷ್ಟು ವರ್ಷ ಎಲ್ಲಿ ಹೋಗಿದ್ಯೋ ಪುಣ್ಯಾತ್ಮ?”

“ಬೆಚ್ಚಗೆ ಮಲ್ಕೋಮ್ಮ,” ಎಂದು ಕೈ ಇಳಿಸಿದವನು, ಅಕ್ಕನ ಮುಖ ನೋಡಲಾರದೆ ಅಲ್ಲೇ ನಿಂತ.