ನಡುವಿನ ಸೀಟು

ಸೀಟು ಹೋದದ್ದು ಕಡಲೆಕಾಯಿಯ ದೆಸೆಯಿಂದ.

ಸೆಪ್ಟೆಂಬರಿನ ಮೊದಲ ಪಂದ್ಯ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಪೆಟಿಗ್ರೂ ಕಾಲೇಜಿನ ಹುಡುಗರು ಸೋಲುತ್ತಿದ್ದರು. ನೋಡಲಾರದೆ ವರ್ಲನ್ ಟ್ಯಾಕೆಟ್ ಬೇಯಿಸಿದ ಕಡಲೆಕಾಯಿ ತರುವ ನೆಪ ಮಾಡಿಕೊಂಡು ಮೆಟ್ಟಿಲಿಳಿದು ಹೋದ. ಬಿಸಿ ಪೊಟ್ಟಣ ಹಿಡಿದು ವಾಪಸು ಬರುವಷ್ಟರಲ್ಲಿ ಕ್ರೀಡಾಂಗಣವೆಲ್ಲ ಎದ್ದು ಕುಣಿಯುತ್ತಿತ್ತು. ನಮ್ಮ ಹುಡುಗನೊಬ್ಬ ಚೆಂಡು ಅವುಚಿಕೊಂಡು ಗೆರೆ ದಾಟಿದ್ದ. ವರ್ಲನ್‌ನ ಸೀಟಿನಲ್ಲಿ ಲ್ಯಾಂಡಿಸ್ ಕೂತಿದ್ದ.

ಲ್ಯಾಂಡಿಸ್ ಅಂದರೆ ವರ್ಲನ್‌ನ ಹಳೆಯ ಗೆಳೆಯ ಬ್ಯೂಫೋರ್ಡನ ಪಕ್ಕದ ಮನೆಗೆ ಆ ಬೇಸಿಗೆಯಲ್ಲಷ್ಟೇ ಬಂದ ಹೊಸಬ. ಒಹಾಯೋ ಕಡೆಯವನು, ನಲವತ್ತರ ಆಸುಪಾಸು, ಹಲ್ಲಿನ ಡಾಕ್ಟರು. ಬ್ಯೂಫೋರ್ಡನ ಹೆಸರಿನಲ್ಲಿ ವರ್ಷಕ್ಕೆಂದು ಕಾದಿರಿಸಿದ ಮೂರು ಸೀಟುಗಳಿದ್ದವು. ತುದಿಯಲ್ಲಿ ಅವನು, ನಡುವೆ ವರ್ಲನ್, ಮೂರನೆಯದರಲ್ಲಿ ಬ್ಯೂಫೋರ್ಡನ ತೀರಿಕೊಂಡ ತಮ್ಮನ ನೆನಪಿಗೆ ಇಬ್ಬರ ಕೋಟುಗಳು. "ಪಾಪ, ಊರಿಗೆ ಹೊಸಬ" ಎಂದು ಬ್ಯೂಫೋರ್ಡನೇ ಅವನನ್ನು ಕೋಟುಗಳ ಜಾಗಕ್ಕೆ ಕರೆತಂದಿದ್ದ. ವರ್ಲನ್ ಇಳಿದು ಹೋದ ಮೇಲೆ ಅವನು ನಡುವಿಗೆ ಸರಿದಿದ್ದ.

ವರ್ಲನ್‌ನನ್ನು ನೋಡಿ ಲ್ಯಾಂಡಿಸ್ ಗಡಬಡಿಸಿ ಏಳಲು ಹೋದ. ಬ್ಯೂಫೋರ್ಡ್ ಅವನ ತೊಡೆ ಅದುಮಿ ಕೂರಿಸಿದ.

"ಯಾರೂ ಅಲ್ಲಾಡ್ಬೇಡಿ! ಹಾಗೇ ಇರಿ! ವರ್ಲನ್, ನೀನು ಆ ತುದೀಲಿ ಕೂತ್ಕೊಳೋ ಮಾರಾಯ. ಇವತ್ತೊಂದು ದಿನ."

ಆ ಒಂದು ದಿನ ನವೆಂಬರಿನವರೆಗೂ ಬೆಳೆಯಿತು. ಯಾಕೆಂದರೆ ಅವತ್ತು ಪೆಟಿಗ್ರೂ ಗೆದ್ದಿತು. ಮುಂದಿನ ಶನಿವಾರವೂ ಗೆದ್ದಿತು. ಹಿಂದಿನ ವರ್ಷ ಕಂಡಕಂಡವರಿಂದ ಒದೆ ತಿಂದ ತಂಡ ಈಗ ಸೋಲೆಂದರೇನೆಂದೇ ಮರೆತುಬಿಟ್ಟಿತು. ಗೆಲ್ಲುತ್ತಿರುವಾಗ ಏನನ್ನೂ ಬದಲಿಸಬಾರದು ಎಂಬುದು ಆ ಊರಿನಲ್ಲಿ ಮಕ್ಕಳಿಗೂ ಗೊತ್ತಿರುವ ನೇಮ. ಬ್ಯೂಫೋರ್ಡ್ ಮೊದಲ ಗೆಲುವಿನ ದಿನದ ಕಾಲುಚೀಲವನ್ನು ಒಗೆದಿರಲಿಲ್ಲ, ಅವನ ಪಕ್ಕ ಕೂತವರಿಗೆಲ್ಲ ಅದು ಗೊತ್ತಾಗುತ್ತಿತ್ತು. ವರ್ಲನ್ ಬಾಯಿ ಬಿಡುವ ಹಾಗಿರಲಿಲ್ಲ. ಈ ನೇಮವನ್ನು ಅವನಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರೇ ಇರಲಿಲ್ಲ. ಒಂದು ಸಲ ಟಿವಿಯಲ್ಲಿ ಪಂದ್ಯ ನೋಡುವಾಗ, ಹೆಂಡತಿ ನೆಲ್ಡಾ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಪಾಯಿಂಟ್ ಬಂತೆಂದು, ಆಟ ಮುಗಿಯುವವರೆಗೂ ಅವಳನ್ನು ಅಲ್ಲೇ ನಿಲ್ಲಿಸಿದ್ದ ಮಹಾನುಭಾವ ಅವನು. ಅವಳು ಅದನ್ನು ಈಗಲೂ ಮರೆತಿಲ್ಲ.

ಸೀಟು ಒಂದೇ ಹೋಗಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಬ್ಯೂಫೋರ್ಡನಿಗೆ ದೂರದ ಕಣ್ಣು ಮಂಜು. ಬಹಳ ವರ್ಷಗಳಿಂದ ಮೈದಾನ ಅವನಿಗೆ ಬರೀ ಹಸಿರು ಚಾಪೆ, ಅದರ ಮೇಲೆ ಬಣ್ಣದ ಚುಕ್ಕೆಗಳು. ಅವನ ಕಿವಿಗೆ ಬಾಯಿಟ್ಟು, ಚೆಂಡು ಯಾರ ಕೈಯಲ್ಲಿದೆ, ಯಾರು ಬಿದ್ದರು, ಎಷ್ಟು ಗಜ ಬಾಕಿ ಎಂದು ಹೇಳುತ್ತ ಬಂದವನು ವರ್ಲನ್. ಎರಡೂ ಮೊಣಕಾಲು ಕೆಟ್ಟರೂ ಆ ಮೆಟ್ಟಿಲು ಹತ್ತಿದ್ದು ಅದಕ್ಕಾಗಿಯೇ. ಅವನು ಹೇಳಿದರೇ ಬ್ಯೂಫೋರ್ಡನಿಗೆ ಪಂದ್ಯ. ಈಗ ಆ ಕೆಲಸ ಲ್ಯಾಂಡಿಸನದು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತ್ತು, ಅದೂ ಬಾಯ್ತುಂಬ ನಗುವ ಹಾವು.

ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು. ಲ್ಯಾಂಡಿಸ್ ಚೆನ್ನಾಗಿ ಹೇಳಿದರೆ "ಬಾಯಿಬಡುಕ", ತಡವರಿಸಿದರೆ "ಆಟದ ಗಂಧಗಾಳಿ ಇಲ್ಲ" ಎಂದು ವರ್ಲನ್ ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದ. ಅವನಿಗೆ ಹೊಟ್ಟೆಕಿಚ್ಚು, ಅದೂ ಸಣ್ಣದಲ್ಲ. ಆ ಹಲ್ಲಿನ ಡಾಕ್ಟರ ಹಲ್ಲೇ ಉದುರಲಿ ಅನ್ನುವಷ್ಟು.

ಟ್ಯಾಲ್‌ಮನ್ ಪಂದ್ಯಕ್ಕೆ ಮುಂಚಿನ ಮಂಗಳವಾರ ಮೂವರೂ ಎಂದಿನಂತೆ ಜುವೆಲ್‌ಳ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ಕೂತಿದ್ದರು. ಟ್ಯಾಲ್‌ಮನ್ ಅಂದರೆ ನದಿಯಾಚೆಯ ಕಾಲೇಜು. ಅವರನ್ನು ಕಂಡರೆ ಪೆಟಿಗ್ರೂ ಕಡೆಯವರಿಗೆ ಅಜ್ಜನ ಕಾಲದಿಂದಲೂ ಆಗದು. ಈ ಪಂದ್ಯ ಗೆದ್ದರೆ ಮುಂದಿನ ವಾರ ರಾಜಧಾನಿಯಲ್ಲಿ ಫೈನಲ್.

"ನಮ್ಮ ಹನ್ನೊಂದನೇ ನಂಬರಿನ ಹುಡುಗನ ಭುಜ ಸರಿಯಾಯ್ತಂತೆ. ಅವ್ನು ಚೆಂಡು ಎಸೆಯೋಕೆ ನಿಂತ ಅಂದ್ರೆ ಟ್ಯಾಲ್‌ಮನ್ ಕಥೆ ಮುಗೀತು" ಅಂದ ಬ್ಯೂಫೋರ್ಡ್, ಮೊಟ್ಟೆಯ ಮೇಲೆ ಮೆಣಸಿನಪುಡಿ ಉದುರಿಸುತ್ತ.

"ಎಸೀತಾನೆ ಸರಿ, ಹಿಡಿಯೋರು ಯಾರು?" ಅಂದ ವರ್ಲನ್. "ಆ ಉದ್ದನೇ ಹುಡುಗನ ಕೈಗೆ ಬೆಣ್ಣೆ ಸವರಿದ್ದಾರೆ. ಈ ವರ್ಷ ನಮಗೆ ಸಿಕ್ಕಿದ್ದೆಲ್ಲ ಬಡಪಾಯಿ ತಂಡಗಳು. ಶನಿವಾರ ಗೊತ್ತಾಗುತ್ತೆ ಬಣ್ಣ."

ಕಾಫಿ ಬಗ್ಗಿಸುತ್ತಿದ್ದ ಜುವೆಲ್ ಕೈ ತಡೆದಳು. "ಏನು ವರ್ಲನ್, ನಮ್ಮೂರ ಅಂಗಿ ಹಾಕ್ಕೊಂಡು ಟ್ಯಾಲ್‌ಮನ್ ಮಾತಾಡ್ತೀಯ? ಬಾಯಿ ತೊಳ್ಕೊ ಮೊದ್ಲು."

"ಇದ್ದದ್ದು ಹೇಳ್ದೆ."

"ಹೋದ ವರ್ಷ ಎಲ್ಲಾ ಸೋತಾಗ್ಲೂ 'ಮುಂದಿನ್ ವಾರ, ಮುಂದಿನ್ ವಾರ' ಅಂತಿದ್ದೆ. ಈಗ ಗೆಲ್ತಿರುವಾಗ ಏನೋ ನಿನ್ ಸಂಕಟ?" ಅಂದ ಬ್ಯೂಫೋರ್ಡ್.

ಲ್ಯಾಂಡಿಸ್ ಚಮಚ ಕೆಳಗಿಟ್ಟ. ಅವನ ಮುಖ ಸಪ್ಪಗಿತ್ತು. "ಮಿಸ್ಟರ್ ವರ್ಲನ್, ಈ ಪಂದ್ಯಕ್ಕಾದ್ರೂ ನೀವು ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ. ಆವತ್ತಿಂದ ನನಗೂ ಕಸಿವಿಸಿ. ನಾನು ಆಚೆ ಕೂರ್ತೀನಿ."

ವರ್ಲನ್ ಆಸೆಯಿಂದ ಬ್ಯೂಫೋರ್ಡನ ಕಡೆ ತಿರುಗಿದ. ಬ್ಯೂಫೋರ್ಡ್ ಮಾತ್ರ ಹೋಟೆಲಿನವರೆಲ್ಲ ತಿರುಗಿ ನೋಡುವ ಹಾಗೆ ಮೇಜು ಗುದ್ದಿದ.

"ಹುಚ್ಚು ಹಿಡಿದಿದ್ಯೇನಯ್ಯ ನಿಂಗೆ! ಟ್ಯಾಲ್‌ಮನ್ ಎದುರು ಸೀಟು ಬದಲಾಯಿಸ್ತಾರಾ? ವರ್ಲನ್‌ನೇ ಒಪ್ಪಲ್ಲ. ಕೇಳಿ ನೋಡು ಬೇಕಾದ್ರೆ. ಏನೋ, ಒಪ್ತೀಯ?"

ಬಾಯಲ್ಲಿಟ್ಟ ಬಿಸಿ ತುಪ್ಪ ಉಗುಳುವುದಕ್ಕೂ ಇಲ್ಲ, ನುಂಗುವುದಕ್ಕೂ ಇಲ್ಲ. "ಛೆ ಛೆ, ಎಲ್ಲಾದ್ರೂ ಉಂಟಾ" ಅಂದ ವರ್ಲನ್.

"ನೋಡ್ದ್ಯಾ?" ಬ್ಯೂಫೋರ್ಡ್ ಲ್ಯಾಂಡಿಸನ ಬೆನ್ನು ತಟ್ಟಿದ. "ನೀನು ನನ್ನ ಪಕ್ಕ ಇದ್ರೆ ಸಾಕು. ಸೋತ ದಿನ ನೋಡ್ಕೊಳ್ಳೋಣ ಸೀಟಿನ ಮಾತು."

ಆ ಕೊನೆಯ ಮಾತು ವರ್ಲನ್‌ನೊಳಗೆ ಇಳಿದು ಕೂತುಬಿಟ್ಟಿತು. ಸೋತ ದಿನ. ದಾರಿ ಇಷ್ಟು ನೇರವಾಗಿದೆ ಎಂದು ಅವನು ತನಗೆ ತಾನೇ ಅಲ್ಲಿಯವರೆಗೆ ಹೇಳಿಕೊಂಡಿರಲಿಲ್ಲ. ಹುಟ್ಟಿದಾಗಿನಿಂದ ಟ್ಯಾಲ್‌ಮನ್ ಹೆಸರೆತ್ತಿದರೆ ಉಗುಳುತ್ತಿದ್ದ ಮನುಷ್ಯ ಶುಕ್ರವಾರ ಟ್ಯಾಲ್‌ಮನ್ ಆಟಗಾರರ ಆರೋಗ್ಯದ ಸುದ್ದಿಯನ್ನು ಪತ್ರಿಕೆಯಲ್ಲಿ ಕಾಳಜಿಯಿಂದ ಓದಿದ. ಓದಿ, ನೆಲ್ಡಾ ನೋಡಿಯಾಳೆಂದು ಪುಟ ಮಗುಚಿದ.

ಶನಿವಾರ ಬಂತು. ಪಂದ್ಯ ಕೊನೆಯವರೆಗೂ ಹಗ್ಗಜಗ್ಗಾಟ. ಕೊನೆಯ ಗಳಿಗೆಯಲ್ಲಿ ಟ್ಯಾಲ್‌ಮನ್ ಎರಡು ಪಾಯಿಂಟ್ ಮುಂದೆ, ಚೆಂಡು ನಮ್ಮ ಕೈಯಲ್ಲಿ. ಇನ್ನು ಉಳಿದದ್ದು ಒಂದೇ ಒದೆತ. ದೂರದ ಎರಡು ಕಂಬಗಳ ನಡುವೆ ಚೆಂಡು ತೂರಿದರೆ ಮೂರು ಪಾಯಿಂಟ್, ಗೆಲುವು. ಆಚೀಚೆ ಹೋದರೆ ಸೋಲು. ಒದೆಯುವ ಹುಡುಗ ಎರಡು ಹೆಜ್ಜೆ ಹಿಂದೆ ಸರಿದು ಕೈ ಉಜ್ಜಿಕೊಂಡ.

ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಎದ್ದು ನಿಂತಿತು. ಬ್ಯೂಫೋರ್ಡ್ ಎದ್ದ, ಲ್ಯಾಂಡಿಸ್ ಎದ್ದ.

"ಹೇಳೋ, ಹೇಳೋ, ಏನಾಗ್ತಿದೆ?" ಅಂದ ಬ್ಯೂಫೋರ್ಡ್.

"ನಿಂತಿದ್ದಾನೆ. ಗಾಳಿ ಎಡಗಡೆಗಿದೆ. ಉಸಿರು ಎಳ್ಕೊಂಡ..." ಅಂದ ಲ್ಯಾಂಡಿಸ್. ಬ್ಯೂಫೋರ್ಡ್ ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಹಾಗೆ ಹಿಡಿದುಹಿಡಿದು ವರ್ಲನ್‌ನ ಎಷ್ಟು ಅಂಗಿಗಳ ತೋಳು ಜೋತುಬಿದ್ದಿದ್ದವೋ.

ಆ ಕೈಗಳನ್ನು ನೋಡಿದ ಮೇಲೆ ವರ್ಲನ್‌ಗೆ ಏಳಲು ಮನಸ್ಸಾಗಲಿಲ್ಲ. ಕೂತಲ್ಲೇ ಕಣ್ಣು ಮುಚ್ಚಿದ. ಹೊರಗೆ ಹೋಗು, ಹೊರಗೆ ಹೋಗು, ಎಡಕ್ಕೆ ಹೋಗು, ದೇವರೇ, ಒಂದೇ ಒಂದು ಸಲ. ತುಟಿ ಅಲ್ಲಾಡುತ್ತಿರುವುದು ಅವನಿಗೇ ತಿಳಿಯುತ್ತಿತ್ತು. ಅಂಥ ಬೇಡಿಕೆಗೆ ನಾಚಿಕೆಯೂ ಆಗುತ್ತಿತ್ತು. ಆದರೂ ಬಿಡಲಿಲ್ಲ.

ಚೆಂಡು ಒದ್ದ ಸದ್ದು ಕೇಳಿತು. ಆಮೇಲೆ ಕಾಲ ಕೆಳಗಿನ ಸಿಮೆಂಟು ನಡುಗುವಂತೆ ಜನ ಕೂಗಿದರು. ಅದು ಗೆದ್ದವರ ಕೂಗು. ಅವನು ಕಣ್ಣು ತೆರೆಯುವುದೇ ಬೇಕಿರಲಿಲ್ಲ.

ತೆರೆದಾಗ ಬ್ಯೂಫೋರ್ಡನ ಮುಖ ಎದುರಿಗೇ ಇತ್ತು. ಗೆಳೆಯನನ್ನು ಅಪ್ಪಿಕೊಳ್ಳಲೆಂದು ಲ್ಯಾಂಡಿಸನನ್ನು ದಾಟಿ ತಿರುಗಿದ್ದ. ತನ್ನೆತ್ತರಕ್ಕೆ ವರ್ಲನ್ ಸಿಗದೆ ಕೆಳಗೆ ನೋಡುತ್ತಿದ್ದ. ಹತ್ತಿರದ್ದು ಅವನಿಗೆ ಚೆನ್ನಾಗಿಯೇ ಕಾಣುತ್ತದೆ.

"ನೀನು... ಕೂತಿದ್ದೀಯ?"

ಸಿಕ್ಕಿಬಿದ್ದೆ ಅಂದುಕೊಂಡ ವರ್ಲನ್. ಇಷ್ಟು ವರ್ಷದ ಸ್ನೇಹ ಇಲ್ಲಿಗೆ ಮುಗಿಯಿತು.

"ಆಗಿಂದ ಕೂತೇ ಇದ್ದಾರೆ" ಅಂದ ಲ್ಯಾಂಡಿಸ್, ಕಣ್ಣೊರೆಸಿಕೊಳ್ಳುತ್ತ. "ಒದೆಯೋ ಮುಂಚೆ ನಾನು ನೋಡ್ದೆ. ಕಣ್ಣು ಮುಚ್ಕೊಂಡು ಪ್ರಾರ್ಥನೆ ಮಾಡ್ತಿದ್ರು. ತುಟಿ ಅಲ್ಲಾಡ್ತಿತ್ತು."

ಬ್ಯೂಫೋರ್ಡನ ಮಂಜುಗಣ್ಣಿನಲ್ಲಿ ನೀರು ತುಂಬಿತು.

"ಎಲ್ರೂ ನಿಂತಿದ್ದಾಗ ಒಬ್ಬನೇ ಕೂತು ಪ್ರಾರ್ಥನೆ! ಅದಕ್ಕೇ ಕಣೋ ಹೋಗಿದ್ದು ಚೆಂಡು! ಗಾಳಿಗೆ ಎಡಕ್ಕೆ ವಾಲಿ, ಕಂಬಕ್ಕೆ ತಾಗಿ ಒಳಗೆ ಬಿತ್ತಂತೆ. ನೀನೇ ಕಣೋ ಗೆಲ್ಸಿದ್ದು!" ಬಾಗಿ ವರ್ಲನ್‌ನ ತಲೆಯನ್ನು ಎದೆಗೆ ಒತ್ತಿಕೊಂಡ. ಹಿಂದಿನ ಸಾಲಿನವರು, ಮುಂದಿನ ಸಾಲಿನವರು ವರ್ಲನ್‌ನ ಬೆನ್ನು ತಟ್ಟಿದರು. ಯಾರೋ ಅವನ ಟೋಪಿಗೆ ಮುತ್ತಿಟ್ಟರು.

ನಿಜ ಹೇಳಿಬಿಡಬೇಕು ಅಂತ ಅವನಿಗೆ ಅನ್ನಿಸದೆ ಇರಲಿಲ್ಲ. ಆದರೆ ಆ ಎದೆಯ ಬಿಸಿ, ಆ ಹಳೆಯ ಅಂಗಿಯ ವಾಸನೆ, ಸೆಪ್ಟೆಂಬರಿನಿಂದ ಅವನಿಗೆ ಸಿಕ್ಕಿರಲಿಲ್ಲ. "ಏನೋ, ನನ್ನ ಕೈಲಾದ್ದು" ಅಂದುಬಿಟ್ಟ.

ಮುಂದಿನ ಶನಿವಾರ ರಾಜಧಾನಿಯಲ್ಲಿ ಫೈನಲ್. ಮೂರು ಸೀಟು, ಅದೇ ಕ್ರಮ: ಬ್ಯೂಫೋರ್ಡ್, ಲ್ಯಾಂಡಿಸ್, ವರ್ಲನ್. ಬ್ಯೂಫೋರ್ಡ್ ಅವನಿಗೆಂದೇ ದಪ್ಪನೆಯ ದಿಂಬು ತಂದಿದ್ದ.

"ಹಾಸ್ಕೊ. ಆಟ ಮುಗಿಯೋವರೆಗೂ ಏಳ್ಬೇಡ. ಆಕಾಶ ಬಿದ್ರೂ ಏಳ್ಬೇಡ."

ಆಟ ಶುರುವಾದದ್ದೇ ತಡ, ಊರಿಗೆ ಊರೇ ಎದ್ದು ನಿಂತಿತು, ನಿಂತದ್ದು ಕೂರಲೇ ಇಲ್ಲ. ವರ್ಲನ್‌ಗೆ ಮುಂದಿನ ಸಾಲಿನ ಬೆನ್ನುಗಳು ಕಂಡವು, ಒಬ್ಬನ ಜೇಬಿನಿಂದ ಇಣುಕುವ ಕರವಸ್ತ್ರ ಕಂಡಿತು. ಮೈದಾನದ ಒಂದು ಹುಲ್ಲುಕಡ್ಡಿಯೂ ಕಾಣಲಿಲ್ಲ. ಮೇಲೆ ಲ್ಯಾಂಡಿಸನ ದನಿ ಓಡುತ್ತಿತ್ತು: ಎಸೆದ, ಹಿಡಿದ, ಬಿದ್ದ, ಇನ್ನು ನಾಲ್ಕು ಗಜ. ಎಲ್ಲ ಬ್ಯೂಫೋರ್ಡನ ಕಿವಿಗೆ. ಆಮೇಲೆ ಆ ಒಳ್ಳೆಯ ಮನುಷ್ಯ ಈ ಕಡೆಗೂ ಬಾಗಿ, "ಮಿಸ್ಟರ್ ವರ್ಲನ್, ನಾಲ್ಕೇ ಗಜ ಬಾಕಿ" ಎಂದು ಅವನಿಗೂ ಹೇಳುತ್ತಿದ್ದ.

ವರ್ಲನ್ ಅಭ್ಯಾಸಬಲದಿಂದ ಕಣ್ಣು ಮುಚ್ಚಿದ. ಏನು ಬೇಡಿಕೊಳ್ಳಬೇಕೆಂದು ಹೊಳೆಯಲಿಲ್ಲ. ಗೆದ್ದರೆ ಬರುವ ವರ್ಷವೂ ಇದೇ ದಿಂಬು, ಇದೇ ಬೆನ್ನುಗಳು. ಸೋತರೆ ನಿನ್ನ ಪ್ರಾರ್ಥನೆ ಕೈಕೊಟ್ಟಿತು ಅನ್ನುತ್ತಾನೆ ಬ್ಯೂಫೋರ್ಡ್.

ಮಡಿಲಿಗೆ ಏನೋ ಬಿಸಿಯಾಗಿ ಬಿತ್ತು. ಕಣ್ಣು ತೆರೆದರೆ ಬೇಯಿಸಿದ ಕಡಲೆಕಾಯಿಯ ಪೊಟ್ಟಣ.

"ತಿಂತಾ ಇರು" ಅಂದ ಬ್ಯೂಫೋರ್ಡ್ ಪ್ರೀತಿಯಿಂದ, ಲ್ಯಾಂಡಿಸನ ತೋಳು ಬಿಡದೆ. "ಈಗಷ್ಟೇ ಬಿಡುವಲ್ಲಿ ಲ್ಯಾಂಡಿಸೇ ಹೋಗಿ ತಂದ. ನೀನು ಎದ್ದು ಹೋಗ್ಬಾರ್ದಲ್ಲ."